ಹಾಜರಾತಿ ಶೇ. 73 ಎಂದು ವಿದ್ಯಾರ್ಥಿವೇತನ ತಡೆದಿದ್ದಾರೆ: ಮೇಲ್ಮನವಿ ಯಾರಿಗೆ, ಹೇಗೆ?

ತುಂಗಾತೀರ

ನಾನು ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ದ್ವಿತೀಯ ಪಿಯುಸಿ ಅಂಕಗಳ ಆಧಾರದ ಮೇಲೆ ಕೇಂದ್ರ ಸರ್ಕಾರದ ‘ಕೇಂದ್ರೀಯ ವಲಯದ’ (ಸೆಂಟ್ರಲ್ ಸೆಕ್ಟರ್) ವಿದ್ಯಾರ್ಥಿವೇತನ ಸಿಕ್ಕಿತ್ತು. ಮೊದಲ ವರ್ಷದ 12,000 ರೂಪಾಯಿ ಬಂದಿತ್ತು. ಈ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣಕ್ಕೆ ಅರ್ಜಿ ಹಾಕಿದ್ದೆ. ನಿನ್ನೆ ನೋಡಿದರೆ ಕಾಲೇಜಿನವರು ಹಿಂದಕ್ಕೆ ಕಳಿಸಿದ್ದಾರೆ. ಅಂಕ ಶೇ. 68 ಇದೆ, ಆದರೆ ಹಾಜರಾತಿ 73.

ಅಪ್ಪ ತೋಟದ ಕೂಲಿಗೆ ಹೋಗುತ್ತಾರೆ. ಹಾಸ್ಟೆಲ್‌ನ ಊಟದ ಖರ್ಚನ್ನು ಈ ಹಣದಲ್ಲೇ ಕಟ್ಟುತ್ತಿದ್ದೆ. ಮನೆಯ ಕಷ್ಟವನ್ನೆಲ್ಲ ಬರೆದು ಎರಡು ಪುಟದ ಪತ್ರ ಕೊಟ್ಟೆ. ಕಚೇರಿಯಲ್ಲಿ ಓದಿ, ಪಾಪ ಎಂದರು, ನಿಯಮದಲ್ಲಿ ಅವಕಾಶವಿಲ್ಲ ಎಂದು ವಾಪಸು ಕೊಟ್ಟರು. ಇನ್ನು ಯಾರಿಗೆ ಬರೆಯಬೇಕು?

ಹಳೆಯ ಟಪಾಲು

ಕಾಲೇಜು ಕಚೇರಿಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಧೈರ್ಯ ಕೆಡಬೇಡಿ. ಮೊದಲು ಎರಡು ವಿಷಯ ತಿಳಿಸಿ.

ಪರದೆಯ ಮೇಲೆ ಇರುವ ಪದ ‘ರಿಜೆಕ್ಟೆಡ್’ ಎಂದೇ ಅಥವಾ ‘ಡಿಫೆಕ್ಟಿವ್’ ಎಂದೇ? ಎರಡಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ಡಿಫೆಕ್ಟಿವ್ ಎಂದಿದ್ದರೆ ಅರ್ಜಿ ಇನ್ನೂ ಜೀವಂತವಾಗಿದೆ. ಕೊನೆಯ ದಿನಾಂಕದೊಳಗೆ ಸರಿಪಡಿಸಿ ಮತ್ತೆ ಕಳಿಸಬಹುದು. ಇನ್ನೊಂದು ವಿಷಯ: ಶೇ. 73 ಎಂದರೆ ಎಷ್ಟು ತರಗತಿಗಳಲ್ಲಿ ಎಷ್ಟು? ನಡೆದ ತರಗತಿ, ಹಾಜರಾದ ತರಗತಿ, ಎರಡೂ ಅಂಕಿಗಳು ಬೇಕು.

ತುಂಗಾತೀರ

ಡಿಫೆಕ್ಟಿವ್ ಎಂದಿದೆ ಸರ್. ಗಾಬರಿಯಲ್ಲಿ ಆ ಪದವನ್ನು ಸರಿಯಾಗಿ ಓದಿರಲಿಲ್ಲ. ತಿದ್ದಲು ಇನ್ನು 11 ದಿನ ಉಳಿದಿವೆ. ಎರಡು ಸೆಮಿಸ್ಟರ್ ಸೇರಿ 760 ತರಗತಿಗಳು ನಡೆದಿವೆ, ನಾನು 556ಕ್ಕೆ ಹಾಜರು. ಒಮ್ಮೆ ಕಾಮಾಲೆಯಾಗಿ ಮಲಗಿದ್ದೆ, ಒಮ್ಮೆ ಎನ್‌ಸಿಸಿಯ ಹತ್ತು ದಿನದ ವಾರ್ಷಿಕ ಶಿಬಿರಕ್ಕೆ ಹೋಗಿದ್ದೆ.

ಹಳೆಯ ಟಪಾಲು

ಕಾಮಾಲೆಯ ವಿಷಯ ಆಮೇಲೆ ನೋಡೋಣ. ನಿಮ್ಮ ದಾರಿ ಆ ಶಿಬಿರದಲ್ಲಿದೆ.

ಈ ವೇತನದ ನವೀಕರಣಕ್ಕೆ ವಾರ್ಷಿಕ ಪರೀಕ್ಷೆಯಲ್ಲಿ ಕನಿಷ್ಠ ಶೇ. 50 ಅಂಕ, ಕನಿಷ್ಠ ಶೇ. 75 ಹಾಜರಾತಿ ಬೇಕು. 760ರ ಶೇ. 75 ಎಂದರೆ 570. ನಿಮಗೆ ಕೊರತೆ ಬಿದ್ದಿರುವುದು ಬರೀ 14 ತರಗತಿ. ಕಾಲೇಜಿನ ಪರವಾಗಿ ಶಿಬಿರಕ್ಕೆ ಹೋದ ದಿನಗಳನ್ನು ಹಾಜರಿ ಎಂದು ಪರಿಗಣಿಸುವುದು ರೂಢಿ. ಅದನ್ನು ಸೇರಿಸಿದ್ದಾರೆಯೇ ನೋಡಿ. ಸೇರಿಸದಿದ್ದರೆ ನೀವು ಕೇಳುತ್ತಿರುವುದು ದಯೆಯನ್ನಲ್ಲ, ಲೆಕ್ಕದ ತಿದ್ದುಪಡಿಯನ್ನು.

ಹಿಂದಿನ ಪತ್ರ ಕೆಲಸ ಮಾಡದಿದ್ದುದು ಇದಕ್ಕೇ. ನಿಮ್ಮ ಕಷ್ಟ ನಿಜ, ಓದಿದವರಿಗೂ ಅದು ನಾಟಿದೆ. ಆದರೆ ಕಷ್ಟವನ್ನು ನಮೂದಿಸುವ ಅಂಕಣ ಆ ಪೋರ್ಟಲ್‌ನಲ್ಲಿಲ್ಲ. ಹಾಜರಾತಿಯ ಅಂಕಣವಿದೆ. ಗುಮಾಸ್ತರ ಕೈಗೆ ಆ ಅಂಕಣ ತುಂಬಲು ಬೇಕಾದ ಕಾಗದ ಕೊಡಿ. ಪತ್ರ ಹೀಗಿರಲಿ:

“ಇವರಿಗೆ: ಪ್ರಾಂಶುಪಾಲರು. ಮೂಲಕ: ವಿಭಾಗದ ಮುಖ್ಯಸ್ಥರು. ವಿಷಯ: ಎನ್‌ಸಿಸಿ ಶಿಬಿರದ ದಿನಗಳನ್ನು ಹಾಜರಾತಿಗೆ ಸೇರಿಸಿ ಪರಿಷ್ಕೃತ ಪ್ರಮಾಣಪತ್ರ ನೀಡುವ ಬಗ್ಗೆ. ಮಾನ್ಯರೇ, ಇಂತಹ ದಿನಾಂಕದಿಂದ ಇಂತಹ ದಿನಾಂಕದವರೆಗೆ ಕಾಲೇಜಿನ ಅನುಮತಿ ಪಡೆದು ಶಿಬಿರದಲ್ಲಿ ಭಾಗವಹಿಸಿದ್ದೇನೆ. ಈ ದಿನಗಳು ನನ್ನ ಹಾಜರಾತಿಯಲ್ಲಿ ಸೇರಿಲ್ಲ. ಸೇರಿಸಿ ಪರಿಷ್ಕೃತ ಪ್ರಮಾಣಪತ್ರ ನೀಡಬೇಕೆಂದು ಕೋರುತ್ತೇನೆ. ಅರ್ಜಿ ತಿದ್ದಲು ಕೊನೆಯ ದಿನ ಇಂಥದ್ದು. ಲಗತ್ತು: ಶಿಬಿರದ ಪ್ರಮಾಣಪತ್ರ, ಅನುಮತಿ ಪತ್ರ, ಅರ್ಜಿಯ ಮುದ್ರಿತ ಪ್ರತಿ.”

ಒಂದು ಪುಟ ಮೀರಬಾರದು. ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದ ಪತ್ರ ಕೊಟ್ಟೂ ಕೊಡದ ಹಾಗೆ.

ಗಡಿಯಾರ

ಇಷ್ಟೆಲ್ಲ ಏಕೆ? ನೇರವಾಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ಹಾಜರಾತಿ ಪುಸ್ತಕದ ಪ್ರತಿ ಕೊಡಲೇಬೇಕಾಗುತ್ತದೆ.

ಹಳೆಯ ಟಪಾಲು

ಕಾಯ್ದೆ ಒಳ್ಳೆಯದೇ, ನಾನೂ ಅದನ್ನು ಗೌರವಿಸುತ್ತೇನೆ. ಆದರೆ ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ, ಈ ಹುಡುಗಿಯ ಕೈಯಲ್ಲಿರುವುದು 11 ದಿನ. ಉತ್ತರ ಬರುವಷ್ಟರಲ್ಲಿ ಪೋರ್ಟಲ್ ಮುಚ್ಚಿರುತ್ತದೆ. ವಿಭಾಗದ ಮುಖ್ಯಸ್ಥರ ಮುಂದೆ ಕುಳಿತು ಹಾಜರಾತಿ ಪುಸ್ತಕ ತೆರೆಸಿದರೆ ಒಂದು ಮಧ್ಯಾಹ್ನದ ಕೆಲಸ. ಅಲ್ಲಿ ಬಾಗಿಲು ಮುಚ್ಚಿದರೆ ಮಾಹಿತಿ ಹಕ್ಕು ಇದ್ದೇ ಇದೆ.

ಬಯಲುಸೀಮೆಯ ಅಕ್ಕ

ತಂಗಿ, ಒಂದು ಎಚ್ಚರಿಕೆ. ನಾನು ಮಾಡಿದ ತಪ್ಪನ್ನು ನೀನು ಮಾಡಬೇಡ. ನನ್ನ ಅರ್ಜಿ ಹೀಗೆಯೇ ನಿಂತಾಗ ಹೆದರಿ, ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಇನ್ನೊಂದು ವೇತನಕ್ಕೆ ಅರ್ಜಿ ಹಾಕಿದೆ. ಅದು ಮಂಜೂರಾಯಿತು. ಆಮೇಲೆ ಇದೂ ಸರಿಹೋಯಿತು, ಆದರೆ ಬೇರೆ ವೇತನ ಪಡೆಯುವವರಿಗೆ ಕೇಂದ್ರದ ಈ ವೇತನ ಇಲ್ಲ. ದೊಡ್ಡದನ್ನು ಕಳೆದುಕೊಂಡು ಚಿಕ್ಕದನ್ನು ಉಳಿಸಿಕೊಂಡೆ. ಇದು ಇತ್ಯರ್ಥವಾಗುವ ತನಕ ಬೇರೆ ಅರ್ಜಿಗೆ ಕೈ ಹಾಕಬೇಡ.

ಕಾಮಾಲೆಯ ವೈದ್ಯಕೀಯ ಪ್ರಮಾಣಪತ್ರ ಇದ್ದರೆ ಅದನ್ನೂ ಜೊತೆಗಿಟ್ಟುಕೊಂಡಿರು. ಆದರೆ ಮೊದಲು ಅದನ್ನು ತೋರಿಸಬೇಡ. ಅದನ್ನು ಮುಂದಿಟ್ಟರೆ ಮಾತು ವಿನಾಯಿತಿಯ ಕಡೆಗೆ ಹೊರಳುತ್ತದೆ, ವಿನಾಯಿತಿ ಎಂದ ಕೂಡಲೇ ಎಲ್ಲರೂ ಕೈ ಹಿಂದೆಗೆಯುತ್ತಾರೆ.

ತುಂಗಾತೀರ

ನಾಲ್ಕು ದಿನಗಳ ನಂತರ ಬರೆಯುತ್ತಿದ್ದೇನೆ. ವಿಭಾಗದ ಮುಖ್ಯಸ್ಥರು ಪುಸ್ತಕ ತೆರೆದರು. ಭೌತಶಾಸ್ತ್ರ, ಗಣಿತದವರು ಶಿಬಿರದ ದಿನಗಳನ್ನು ಆಗಲೇ ಸೇರಿಸಿದ್ದರು! ನನ್ನ ಎದೆ ಧಸಕ್ಕೆಂದಿತು, ಲೆಕ್ಕ ಇಷ್ಟೇ ಎಂದುಕೊಂಡೆ. ಆದರೆ ಭಾಷಾ ತರಗತಿಗಳಲ್ಲಿ, ಐಚ್ಛಿಕ ವಿಷಯದಲ್ಲಿ, ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಗೈರುಹಾಜರಿ ಎಂದೇ ಇತ್ತು. ಎನ್‌ಸಿಸಿ ಅಧಿಕಾರಿಯವರ ಪಟ್ಟಿ ಆ ವಿಭಾಗಗಳಿಗೆ ತಲುಪಿರಲೇ ಇಲ್ಲ. ಅವೆಲ್ಲ ಸೇರಿ 23 ತರಗತಿ. 556ಕ್ಕೆ 23 ಸೇರಿಸಿದರೆ 579, ಅಂದರೆ ಶೇ. 76.2.

ಕನ್ನಡ ಮೇಷ್ಟ್ರು ತಾವೇ ಕಚೇರಿಗೆ ಬಂದು ಸಹಿ ಹಾಕಿದರು. ಪ್ರಾಂಶುಪಾಲರು ಪರಿಷ್ಕೃತ ಪ್ರಮಾಣಪತ್ರ ಕೊಟ್ಟರು. ತಿದ್ದಿ ಮತ್ತೆ ಸಲ್ಲಿಸಿದ್ದೇನೆ. ಈಗ ಕಾಲೇಜು ಮಟ್ಟದ ಪರಿಶೀಲನೆ ಮುಗಿದಿದೆ, ರಾಜ್ಯ ಮಟ್ಟದ್ದು ಬಾಕಿ ಎಂದು ತೋರಿಸುತ್ತಿದೆ. ಸರ್, ಅಕ್ಕ, ನಿಮ್ಮಿಬ್ಬರಿಗೂ ನನ್ನ ನಮಸ್ಕಾರ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ಬಹಳ ಹೊತ್ತು ಮಾತಾಡಲಿಲ್ಲ.

ಹಳೆಯ ಟಪಾಲು

ಬಹಳ ಸಂತೋಷ. ಆ ಪಟ್ಟಿ ತಲುಪದ ವಿಷಯವನ್ನು ಎನ್‌ಸಿಸಿ ಅಧಿಕಾರಿಯವರಿಗೆ ತಿಳಿಸಿ. ನಿಮ್ಮ ಜೊತೆ ಶಿಬಿರಕ್ಕೆ ಬಂದ ಉಳಿದ ಮಕ್ಕಳಿಗೂ ಇದೇ ಆಗಿರಬಹುದು. ಇನ್ನೊಂದು: ಇತ್ತೀಚೆಗೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದೀರಾ? ಹಣ ಆಧಾರ್ ಆಧಾರಿತವಾಗಿ ಬರುವಾಗ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬುದನ್ನು ಆಧಾರ್ ನೀಡುವ ಯುಐಡಿಎಐ ಜಾಲತಾಣದಲ್ಲಿ ನೋಡಬಹುದು.

ತುಂಗಾತೀರ

ಈಗಷ್ಟೇ ನೋಡಿದೆ. ಊರಿನ ಹಳೆಯ ಖಾತೆಗೇ ಜೋಡಣೆಯಾಗಿದೆ, ಆದರೆ ಮೊದಲ ವರ್ಷದ ಹಣ ತೆಗೆದ ಮೇಲೆ ಅದನ್ನು ಬಳಸಿಲ್ಲ, ನಿಷ್ಕ್ರಿಯವಾಗಿರಬಹುದು. ಶನಿವಾರ ಊರಿಗೆ ಹೋದಾಗ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗುತ್ತೇನೆ. ಶಿಬಿರಕ್ಕೆ ಬಂದಿದ್ದ ಉಳಿದ ಆರು ಜನರಿಗೆ ಇವತ್ತೇ ಹೇಳಿದೆ. ಅವರಲ್ಲಿ ಇಬ್ಬರ ಅರ್ಜಿಗಳೂ ಹಿಂದಕ್ಕೆ ಬಂದಿವೆಯಂತೆ.