ಅಮೆರಿಕದಲ್ಲಿ ಎಲ್‌ಎಲ್‌ಸಿ ಕಂಪನಿ ಮಾಡ್ಸೋಕೆ 'ರಿಜಿಸ್ಟರ್ಡ್ ಏಜೆಂಟ್' ಬೇಕಂತೆ, ಭಾವನ ಹೆಸರು ಕೊಟ್ರೆ ಆಗಲ್ವಾ?

ಅಚ್ಚುಬೆಲ್ಲ_ಪಾಂಡವಪುರ

ಎಲ್ರಿಗೂ ನಮಸ್ಕಾರ. ನಮ್ದು ಪಾಂಡವಪುರದ ಹತ್ರ ಆಲೆಮನೆ ಐತೆ, ಅಪ್ಪನ ಕಾಲದಿಂದ ಅಚ್ಚುಬೆಲ್ಲನೇ ಮಾಡ್ಕೊಂಡು ಬಂದಿರೋದು. ನಾಕು ವರ್ಷದಿಂದ ನಾನೂ ಅಣ್ಣನೂ ಸೇರ್ಕೊಂಡು ಹೈಡ್ರೋಸ್ (ಬೆಲ್ಲ ಬಿಳಿ ಮಾಡೋ ಕೆಮಿಕಲ್) ಹಾಕ್ದೆ, ಬೆಂಡೆ ಗಿಡದ ಲೋಳೆಲಿ ಕಸ ತೆಗ್ದು ಬೆಲ್ಲದ ಪುಡಿ, ಸಣ್ಣ ಕ್ಯೂಬು ಮಾಡಿ ಪ್ಯಾಕೆಟ್ ಕಟ್ತಾ ಇದೀವಿ. ಇಷ್ಟು ದಿನ ಬೆಂಗಳೂರಿನ ಒಬ್ಬ ಎಕ್ಸ್‌ಪೋರ್ಟರ್ ಕೈಲಿ ಹೋಗ್ತಿತ್ತು, ಅವ್ರ ಮಾರ್ಜಿನ್ ನೋಡಿದ್ರೆ ಹೊಟ್ಟೆ ಉರಿತದೆ, ಈಗ ನಮ್ ಹೆಸರಲ್ಲೇ ಕಳ್ಸಣ ಅಂತ ಐಇಸಿ (ಎಕ್ಸ್‌ಪೋರ್ಟ್ ಮಾಡೋಕೆ ಬೇಕಾದ ಕೋಡು), ಅಪೇಡಾ ರಿಜಿಸ್ಟ್ರೇಷನ್ ಎಲ್ಲ ಮಾಡ್ಸಾಯ್ತು.

ವಿಷ್ಯ ಏನಂದ್ರೆ ಅಲ್ಲಿ ಇಂಡಿಯನ್ ಸ್ಟೋರ್ ನಡೆಸೋ ಒಬ್ರು ನಿಮ್ದು ಅಮೆರಿಕದ ಕಂಪನಿ ಇದ್ರೆ ಬಿಲ್ಲಿಂಗ್ ಸುಲಭ ಅಂದ್ರು. ಮೈಸೂರಲ್ಲಿ ಒಬ್ಬ ಕನ್ಸಲ್ಟೆಂಟ್ ಹತ್ರ ಹೋದ್ವಿ, ಡೆಲವೇರ್ ರಾಜ್ಯದಲ್ಲಿ ಎಲ್‌ಎಲ್‌ಸಿ (ಲಿಮಿಟೆಡ್ ಲಯಬಿಲಿಟಿ ಕಂಪನಿ), ಇಐಎನ್ ನಂಬರ್ (ಅಲ್ಲಿನ ಟ್ಯಾಕ್ಸ್ ನಂಬರ್), ರಿಜಿಸ್ಟರ್ಡ್ ಏಜೆಂಟ್ ಎಲ್ಲ ಸೇರಿ 85 ಸಾವಿರ ಅಂತವ್ರೆ. ನೆಟ್ಟಲ್ಲಿ ನೋಡಿದ್ರೆ ಕೆಲವು ಕಡೆ ಏಜೆಂಟ್ ಮೊದಲ್ನೇ ವರ್ಷ ಫ್ರೀ ಅಂತ ಐತೆ. ಈ ಏಜೆಂಟು ಮಾಡೋ ಕೆಲಸ ಏನು ಅಂತ್ಲೇ ನಂಗೆ ಅರ್ಥ ಆಗಿಲ್ಲ ನೋಡಿ. ನಮ್ ಭಾವ ನ್ಯೂಜೆರ್ಸಿ ಎಡಿಸನ್‌ನಲ್ಲಿ 11 ವರ್ಷದಿಂದ ಅವ್ರೆ, ಅವರ ಹೆಸರು ಕೊಟ್ಟುಬಿಟ್ರೆ ಆಗಲ್ವಾ? ದುಡ್ಡು ಕೊಟ್ಟೇ ಇಡ್ಬೇಕು ಅಂದ್ರೆ ಏನು ನೋಡಿ ಆರಿಸ್ಬೇಕು? ಗೊತ್ತಿರೋರು ಒಸಿ ಹೇಳಿ.

ಸಂಜೆ_ಕಾಫಿ

ಏಜೆಂಟ್ ಅಂದ್ರೆ ಆರ್‌ಟಿಓ ಮುಂದೆ ಕೂತಿರ್ತಾರಲ್ಲ ಹಂಗೇ ಗುರು, ದುಡ್ಡು ಕೊಟ್ರೆ ಕೆಲಸ ಮಾಡಿಸ್ಕೊಡ್ತಾರೆ. ಭಾವ ಇದ್ದಾಗ ಯಾಕ್ ದುಡ್ಡು ಸುರೀತೀಯ.

ವಿಜಯನಗರ_ಎರಡನೇ_ಹಂತ

ಮೇಲಿನವ್ರು ಹೇಳಿದ್ದು ತಪ್ಪು, ದಯವಿಟ್ಟು ಅದನ್ನ ನಂಬ್ಕೊಂಡು ಹೋಗ್ಬೇಡಿ. ನಾನು ಮೈಸೂರಲ್ಲೇ ಕೂತ್ಕೊಂಡು ಸಾಫ್ಟ್‌ವೇರ್ ಮಾರ್ತೀನಿ, ಡೆಲವೇರ್ ಎಲ್‌ಎಲ್‌ಸಿ ಇಟ್ಕೊಂಡು ಐದು ವರ್ಷ ಆಯ್ತು, ಒಂದ್ಸಲ ಕೈ ಸುಟ್ಕೊಂಡೂ ಇದೀನಿ.

ರಿಜಿಸ್ಟರ್ಡ್ ಏಜೆಂಟ್ ನಿಮ್ ಪರವಾಗಿ ಓಡಾಡೋನಲ್ಲ. ನಿಮ್ ಕಂಪನಿ ಮೇಲೆ ಯಾರಾದ್ರೂ ಕೇಸ್ ಹಾಕಿದ್ರೆ ಆ ಸಮನ್ಸನ್ನ ಯಾರ ಕೈಗೆ ಕೊಡ್ಬೇಕು? ನೀವು ಪಾಂಡವಪುರದಲ್ಲಿ ಇದೀರ. ಅದಕ್ಕೇ ಅಲ್ಲಿನ ಕಾನೂನು ಏನ್ ಹೇಳುತ್ತೆ ಅಂದ್ರೆ ಕಂಪನಿ ಯಾವ ರಾಜ್ಯದಲ್ಲಿ ರಿಜಿಸ್ಟರ್ ಆಗಿದ್ಯೋ ಅದೇ ರಾಜ್ಯದಲ್ಲಿ ಒಬ್ರು ಇರ್ಬೇಕು, ಅವರಿಗೆ ನಿಜವಾದ ಬೀದಿ ಅಡ್ರೆಸ್ ಇರ್ಬೇಕು, ಪೋಸ್ಟ್ ಬಾಕ್ಸ್ ನಡೆಯಲ್ಲ, ಆಫೀಸ್ ಟೈಮಲ್ಲಿ ಕಾಗದ ತಗೊಳೋಕೆ ಸಿಗ್ಬೇಕು. ಕೋರ್ಟ್ ಕಾಗದ, ರಾಜ್ಯ ಸರ್ಕಾರದ ನೋಟಿಸು, ಇಷ್ಟನ್ನ ತಗೊಂಡು ನಿಮಗೆ ತಲುಪಿಸೋದು ಅವರ ಕೆಲಸ, ಅಷ್ಟೇ. ಅವರ ಕೈ ಸೇರ್ತು ಅಂದ್ರೆ ಕಾನೂನಿನ ಲೆಕ್ಕದಲ್ಲಿ ನಿಮ್ ಕೈ ಸೇರ್ದಂಗೆ, ನೀವು ನೋಡಿದ್ರೂ ಅಷ್ಟೇ ನೋಡದಿದ್ರೂ ಅಷ್ಟೇ. ಅದಕ್ಕೇ ಇದನ್ನ ಚಿಲ್ರೆ ಖರ್ಚು ಅಂತ ನೋಡ್ಬಾರ್ದು.

ಭಾವ ನ್ಯೂಜೆರ್ಸಿಲಿ ಇದ್ದು ಕಂಪನಿ ಡೆಲವೇರಲ್ಲಿ ಆದ್ರೆ ಅವರು ಆಗೋಕೇ ಬರಲ್ಲ, ಪಕ್ಕದ ರಾಜ್ಯ ಆದ್ರೂ ರಾಜ್ಯ ಬೇರೇನೇ.

ನನ್ ಕತೆ ಕೇಳಿ. ನಾನೂ ಮೊದಲ್ನೇ ವರ್ಷ ಫ್ರೀ ಅನ್ನೋ ಒಂದು ಕಂಪನಿನೇ ಹಿಡ್ದಿದ್ದೆ, ಹೆಸರು ಬೇಡ. ಎರಡನೇ ವರ್ಷದ ರಿನ್ಯೂವಲ್ ರೇಟು ಎಲ್ಲೋ ಕೆಳಗಡೆ ಸಣ್ಣಕ್ಷರದಲ್ಲಿ ಇತ್ತು, ನೋಡಿರ್ಲಿಲ್ಲ. ನನ್ ಕಾರ್ಡ್ ಎಕ್ಸ್‌ಪೈರ್ ಆಗಿ ದುಡ್ಡು ಕಟ್ ಆಗ್ಲಿಲ್ಲ, ಅವರ ಮೇಲ್‌ಗಳೆಲ್ಲ ಪ್ರಮೋಷನ್ ಟ್ಯಾಬಲ್ಲಿ ಸಾಲಾಗಿ ಬಿದ್ದಿದ್ವು, ಯಾಕಂದ್ರೆ ಅದೇ ಅಡ್ರೆಸ್‌ನಿಂದ ವಾರಕ್ಕೆ ನಾಕು ಜಾಹೀರಾತು ಬೇರೆ ಕಳಿಸೋರು. ಅವರು ನನ್ ಕಾಗದ ಸ್ಕ್ಯಾನ್ ಮಾಡೋದನ್ನ ನಿಲ್ಲಿಸ್ಬಿಟ್ರು. ಡೆಲವೇರ್ ಎಲ್‌ಎಲ್‌ಸಿಗೆ ವರ್ಷಕ್ಕೆ 300 ಡಾಲರ್ ಟ್ಯಾಕ್ಸು, ಜೂನ್ 1ಕ್ಕೆ ಕಟ್ಬೇಕು, ಅದರ ನೋಟಿಸ್ ಬರೋದು ಏಜೆಂಟ್ ಹತ್ರಾನೇ. ನಂಗೆ ಗೊತ್ತಾಗಿದ್ದು ಯಾವಾಗ ಅಂದ್ರೆ ಪೇಮೆಂಟ್ ಗೇಟ್‌ವೇನವ್ರು ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ಕಂಪನಿ ಬಾಕಿ ಇಲ್ದೆ ಸರಿಯಾಗಿದೆ ಅಂತ ರಾಜ್ಯ ಕೊಡೋ ಪತ್ರ) ಕೇಳಿದಾಗ, ನವೆಂಬರಲ್ಲಿ. 300ರ ಮೇಲೆ 200 ದಂಡ, ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿ, ಸರ್ಟಿಫಿಕೇಟ್ ಬರೋವರ್ಗೂ ನನ್ ಕಸ್ಟಮರ್ ದುಡ್ಡು ತಡೆಹಿಡಿದಿದ್ರು. ಅದೊಂದು ದಸರಾ ಮುಗಿದ ಮೇಲಿನ ಮೈಸೂರು, ಜೇಬಲ್ಲೂ ಏನಿಲ್ಲ ಬೀದೀಲೂ ಏನಿಲ್ಲ.

ಅದೃಷ್ಟಕ್ಕೆ ಏಜೆಂಟು ರಾಜೀನಾಮೆ ಕೊಟ್ಟಿರ್ಲಿಲ್ಲ. ಹಾಗೂ ಆಗುತ್ತೆ, ದುಡ್ಡು ಬರ್ಲಿಲ್ಲ ಅಂದ್ರೆ ಅವರು ರಾಜ್ಯಕ್ಕೆ ಬರೆದುಕೊಟ್ಟು ಹೊರಗೆ ಹೋಗ್ಬಹುದು, ನೀವು ಬೇರೆಯವರನ್ನ ಇಡ್ದೆ ಹೋದ್ರೆ ಕಂಪನಿಯೇ ರದ್ದಾಗೋವರ್ಗೂ ಹೋಗುತ್ತೆ.

ಅದಾದ್ಮೇಲೆ ಬೇರೆ ಏಜೆಂಟ್ ಹುಡುಕುವಾಗ ನಾನು ಫೀಸಿಗಿಂತ ಮುಂಚೆ ಕೇಳಿದ್ದು ಎರಡೇ. ಒಂದು, ಕಾಗದ ಬಂದ ದಿನವೇ ಸ್ಕ್ಯಾನ್ ಮಾಡಿ ಹಾಕ್ತೀರಾ, ಕೋರ್ಟ್ ಕಾಗದ ಆದ್ರೆ ಬರೀ ಮೇಲ್ ಅಲ್ದೆ ಫೋನೂ ಮಾಡ್ತೀರಾ, ಇಂಡಿಯಾ ನಂಬರಿಗೆ? ಎರಡನೇದು, ಐದನೇ ವರ್ಷ ಎಷ್ಟು ಕಟ್ಬೇಕು, ಬಿಟ್ಟುಹೋಗ್ತೀನಿ ಅಂದ್ರೆ ಎಷ್ಟು ಕಟ್ಬೇಕು. ಇದಕ್ಕೆ ನೇರ ಉತ್ತರ ಕೊಡದೇ ಪ್ಯಾಕೇಜು ಪ್ಲಾಟಿನಂ ಗೋಲ್ಡ್ ಅಂತ ಶುರು ಮಾಡಿದ್ರೆ ಅಲ್ಲೇ ಕೈಮುಗಿದು ಬನ್ನಿ. ಆಮೇಲೆ ಅವರ ಹೆಸರು ಆ ರಾಜ್ಯದ ಸರ್ಕಾರಿ ಸೈಟಲ್ಲಿರೋ ಏಜೆಂಟ್‌ಗಳ ಪಟ್ಟಿಲಿ ಇದ್ಯಾ ನೋಡ್ಕೊಳಿ, ಡೆಲವೇರ್‌ದು ಸುಲಭವಾಗಿ ಸಿಗುತ್ತೆ. ನೀವು ಸೀದಾ ಏಜೆಂಟ್ ಜೊತೆನೇ ಅಕೌಂಟ್ ತೆಗೀರಿ, ಕನ್ಸಲ್ಟೆಂಟ್ ಮೇಲ್ ಐಡಿಲಿ ಬೇಡ. ಬಹಳ ಜನ ಎಡವೋದು ಇಲ್ಲೇ, ನೋಟಿಸೆಲ್ಲ ಕನ್ಸಲ್ಟೆಂಟ್‌ಗೆ ಹೋಗ್ತಿರುತ್ತೆ, ಅವನು ಆಮೇಲೆ ಫೋನ್ ಎತ್ತಲ್ಲ.

ಮಂಡ್ಯ_ಹೈದ_ನ್ಯೂಜೆರ್ಸಿ

ನಾನು ನಿಮ್ ಭಾವನ ಊರಲ್ಲೇ ಇರೋನು ಕಣಪ್ಪ, ಊರು ನಾಗಮಂಗಲ. ನ್ಯೂಜೆರ್ಸಿ ಕಂಪನಿಗೆ ನ್ಯೂಜೆರ್ಸಿಲಿರೋರು ಏಜೆಂಟ್ ಆಗ್ಬಹುದು, ಕಾನೂನಲ್ಲಿ ತೊಂದ್ರೆ ಇಲ್ಲ. ನಾನೇ ಒಬ್ಬ ಫ್ರೆಂಡಿಗೆ ಆಗಿದ್ದೆ, ಫ್ರೆಂಡ್‌ಶಿಪ್ ಉಳಿದದೆ ಅದೇ ಪುಣ್ಯ.

ಮೊದ್ಲು ಆಗೋದು ಏನಂದ್ರೆ ಮನೆ ಅಡ್ರೆಸ್ಸು ಸರ್ಕಾರದ ದಾಖಲೆಗೆ ಹೋಗಿ ಯಾರ್ ಬೇಕಾದ್ರೂ ನೋಡೋ ಹಂಗಾಗ್ತದೆ. ಒಂದು ತಿಂಗಳೊಳ್ಗೆ ರಾಶಿ ರಾಶಿ ಕಾಗದ, ಸರ್ಕಾರದ್ದೇ ಅನ್ನೋ ಥರ ಮುದ್ರೆ ಗಿದ್ರೆ ಹಾಕ್ಕೊಂಡು, ಲೇಬರ್ ಪೋಸ್ಟರ್ ತಗೊಳಿ ಇಷ್ಟು ಡಾಲರು, ಸರ್ಟಿಫಿಕೇಟ್ ಕಾಪಿಗೆ ಇಷ್ಟು ಡಾಲರು ಅಂತ. ನನ್ ಹೆಂಡ್ತಿ ಗಾಬರಿಯಾಗಿ ಒಂದಕ್ಕೆ ಚೆಕ್ ಬರ್ದೂಬಿಟ್ಟಿದ್ಳು. ಪ್ರೊಫೆಷನಲ್ ಏಜೆಂಟ್ ಆದ್ರೆ ಇಂಥ ಕಸನೆಲ್ಲ ಅಲ್ಲೇ ಜಾಲಿಸ್ತಾರೆ, ಒಳ್ಳೆಯವರಾದ್ರೆ ಅಂತ ಇಟ್ಕೊಳಿ.

ಎರಡನೇದು ಅದಕ್ಕಿಂತ ಮೇನು. ವೈರಮುಡಿಗೆ ಅಂತ ಊರಿಗೆ ಬಂದು ಮೇಲುಕೋಟೆ ಮುಗಿಸ್ಕೊಂಡು ಅತ್ತೆ ಮನೆ ಅದೂ ಇದೂ ಅಂತ ಮೂರು ವಾರ ಇದ್ವಿ. ಅಷ್ಟರಲ್ಲಿ ನನ್ ಫ್ರೆಂಡ್ ಕಂಪನಿ ಮೇಲೆ ಒಬ್ಬ ಸಪ್ಲೈಯರ್ ಕೇಸ್ ಹಾಕಿದಾನೆ, ಸಮನ್ಸ್ ಕೊಡೋ ಆಳು ಮನೆಗೆ ಬಂದು ಹೋಗಿದಾನೆ, ಬೀಗ ಹಾಕಿದೆ, ಮತ್ತೆ ಬಂದಿದಾನೆ, ಮತ್ತೆ ಬೀಗ. ನಾವು ಬಂದ ದಿನ ಸಂಜೆ ಕೈಗೆ ಕೊಟ್ಟ, ನಾನು ಜೆಟ್‌ಲ್ಯಾಗ್‌ನಲ್ಲಿ ಅದನ್ನ ಸೂಟ್‌ಕೇಸ್ ಮೇಲೆ ಇಟ್ಟು ಮಲಗ್ದೋನು ಮೂರು ದಿನ ಮರ್ತೇಬಿಟ್ಟಿದ್ದೆ. ಅದು ಫೆಡರಲ್ ಕೋರ್ಟ್ ಕೇಸು, ಕಾಗದ ಕೈ ಸೇರಿದ 21 ದಿನದೊಳಗೆ ಉತ್ತರ ಹಾಕ್ಬೇಕು, ಇಲ್ದಿದ್ರೆ ಆ ಕಡೆಯವರು ಡಿಫಾಲ್ಟ್ ಜಡ್ಜ್‌ಮೆಂಟ್ ಕೇಳ್ಬಹುದು, ನಿಮ್ ವಾದ ಕೇಳ್ದೇನೇ ತೀರ್ಪು. ಲಾಯರ್ ಹುಡ್ಕೋದ್ರಲ್ಲೇ ಉಳಿದಿದ್ದೆಲ್ಲ ಕಳ್ದೋಯ್ತು. ಭಾವನ್ನ ಕೇಳೋ ಮೊದ್ಲು ಇದನ್ನ ಓದ್ಸಿ, ಆಮೇಲೆ ಒಪ್ಕೊಂಡ್ರೆ ಅವರು ದೊಡ್ಡ ಮನಸಿನವ್ರು.

ಇನ್ನೊಂದು, ಬೆಲ್ಲ ಎಲ್ಲಿ ಇಡ್ತೀರ? ನ್ಯೂಜೆರ್ಸಿ ವೇರ್‌ಹೌಸಲ್ಲಿ ಮಾಲು ಇಟ್ಟು ಇಲ್ಲಿಂದ್ಲೇ ಅಂಗಡಿಗೆ ಹಾಕೋದಾದ್ರೆ ಡೆಲವೇರ್ ಯಾಕಪ್ಪ? ಡೆಲವೇರಲ್ಲಿ ಕಂಪನಿ ಮಾಡಿ ನ್ಯೂಜೆರ್ಸಿಲಿ ವ್ಯಾಪಾರ ಮಾಡಿದ್ರೆ ಇಲ್ಲೂ ಬೇರೆ ರಾಜ್ಯದ ಕಂಪನಿ ಅಂತ ರಿಜಿಸ್ಟರ್ ಆಗ್ಬೇಕು, ಎರಡೂ ಕಡೆ ಏಜೆಂಟು, ಎರಡೂ ಕಡೆ ಫೀಸು. ನ್ಯೂಜೆರ್ಸಿಲೇ ಮಾಡಿದ್ರೆ ಶುರುಗೆ 125 ಡಾಲರ್, ವರ್ಷಕ್ಕೆ 75, ಏಜೆಂಟ್ ಒಬ್ನೇ. ನಾಳೆ ಆಸೆ ಬಿದ್ದು ಕ್ಯಾಲಿಫೋರ್ನಿಯಾದಲ್ಲಿ ಗೋಡೌನ್ ಹಿಡುದ್ರೆ ಅಲ್ಲಿ ವರ್ಷಕ್ಕೆ ಕಮ್ಮಿ ಅಂದ್ರೂ 800 ಡಾಲರ್ ಫ್ರಾಂಚೈಸ್ ಟ್ಯಾಕ್ಸು (ಅಲ್ಲಿ ಕಂಪನಿ ನಡೆಸೋದಕ್ಕೇ ಕಟ್ಟೋ ತೆರಿಗೆ), ನೆನಪಿರ್ಲಿ.

ಸರಸ್ವತಿಪುರಂ_ಸಿಎ

ಒಳ್ಳೆ ಉತ್ತರಗಳು ಬಂದಿವೆ. ನಮ್ಮಲ್ಲಿ ಈ ಏಜೆಂಟ್ ಪದ್ಧತಿ ಇಲ್ಲದೇ ಇರೋದ್ರಿಂದ ಕ್ಲೈಂಟ್‌ಗಳಿಗೆ ಹೇಳೋಷ್ಟರಲ್ಲಿ ಸಾಕಾಗುತ್ತೆ. ಇಲ್ಲಿ ಕಂಪನಿಗೆ ರಿಜಿಸ್ಟರ್ಡ್ ಆಫೀಸ್ ಇರ್ಬೇಕು, 2013ರ ಕಂಪನಿ ಕಾಯ್ದೆ 12ನೇ ಸೆಕ್ಷನ್, ಬೋರ್ಡ್ ಹಾಕಿದ್ರೆ ಆಯ್ತು, ನೋಟಿಸ್ ಅಲ್ಲಿಗೆ ಬರುತ್ತೆ. ಆದ್ರೆ ವಿದೇಶಿ ಕಂಪನಿ ಇಲ್ಲಿ ಬಂದು ಆಫೀಸ್ ತೆಗೆದ್ರೆ 380ನೇ ಸೆಕ್ಷನ್ ಪ್ರಕಾರ ನೋಟಿಸ್ ತಗೊಳೋಕೆ ಇಲ್ಲಿರೋ ಒಬ್ಬರ ಹೆಸರು ಕೊಡ್ಲೇಬೇಕು. ಹೆಚ್ಚುಕಡಿಮೆ ಅದೇ ಅಂದ್ಕೊಳಿ.

ಅಚ್ಚುಬೆಲ್ಲದವರೇ, ನಿಮ್ಮ ಕನ್ಸಲ್ಟೆಂಟ್ ಹೇಳದೇ ಇರೋ ವಿಷಯ ಒಂದಿದೆ. ನೀವು ಆಹಾರ ಪದಾರ್ಥ ಕಳಿಸೋರು, ಎಫ್‌ಡಿಎಯಲ್ಲಿ (ಅಮೆರಿಕದ ಆಹಾರ, ಔಷಧ ಇಲಾಖೆ) ನಿಮ್ಮ ಆಲೆಮನೆಯನ್ನೇ ಫುಡ್ ಫೆಸಿಲಿಟಿ ಅಂತ ರಿಜಿಸ್ಟರ್ ಮಾಡ್ಬೇಕು, ಅದಕ್ಕೆ 'ಯು.ಎಸ್. ಏಜೆಂಟ್' ಅಂತ ಒಬ್ರು ಬೇಕು. ಇದು ಬೇರೆ, ಎಲ್‌ಎಲ್‌ಸಿ ಏಜೆಂಟ್ ಬೇರೆ, ಹೆಸರು ಒಂದೇ ಥರ ಇರೋದ್ರಿಂದ ಎಲ್ಲರೂ ಕಲಸಿಬಿಡ್ತಾರೆ. ಯು.ಎಸ್. ಏಜೆಂಟ್ ಅಮೆರಿಕದ ಯಾವ ರಾಜ್ಯದಲ್ಲಿದ್ರೂ ನಡೆಯುತ್ತೆ, ಎಫ್‌ಡಿಎ ಏನಾದ್ರೂ ಕೇಳಿದ್ರೆ, ಇನ್ಸ್‌ಪೆಕ್ಷನ್ ಅಂದ್ರೆ ಮೊದಲು ಫೋನ್ ಹೋಗೋದು ಅವರಿಗೆ, ಅವರು ಒಪ್ಪಿಗೆ ಕೊಟ್ಟ ಮೇಲೇ ನಿಮ್ಮ ರಿಜಿಸ್ಟ್ರೇಷನ್ ಊರ್ಜಿತ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದಲ್ಲಿ, ಅಕ್ಟೋಬರ್ 1ರಿಂದ ಡಿಸೆಂಬರ್ 31ರೊಳಗೆ ರಿನ್ಯೂ ಮಾಡ್ಬೇಕು. ಎಫ್‌ಡಿಎ ಇದಕ್ಕೆ ಫೀಸೂ ತಗೊಳಲ್ಲ, ಸರ್ಟಿಫಿಕೇಟೂ ಕೊಡಲ್ಲ, ಚಿನ್ನದ ಅಂಚಿನ ಸರ್ಟಿಫಿಕೇಟ್ ತೋರಿಸಿ ದುಡ್ಡು ಕೇಳೋರಿಂದ ದೂರ ಇರಿ.

ಇಐಎನ್‌ಗೂ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಒಂದು ಡಾಲರ್ ತಗೊಳಲ್ಲ, ಎಸ್‌ಎಸ್-4 ಫಾರ್ಮ್ ತುಂಬಿಸಿ ಫ್ಯಾಕ್ಸ್ ಮಾಡಿದ್ರೆ ಆಯ್ತು. 85 ಸಾವಿರದಲ್ಲಿ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆಸ್ಕೊಳಿ. ಇನ್ನು ಏಜೆಂಟ್ ಇದ್ದಾರೆ ಅಂದ ಮಾತ್ರಕ್ಕೆ ಟ್ಯಾಕ್ಸ್ ಫೈಲಿಂಗ್ ಅವರು ಮಾಡಲ್ಲ. ಒಬ್ಬರೇ ಮಾಲೀಕರಾದ್ರೆ ಐಆರ್‌ಎಸ್‌ಗೆ 5472 ಫಾರ್ಮ್ (ಮಾಲೀಕರಿಗೂ ಕಂಪನಿಗೂ ನಡೆದ ವ್ಯವಹಾರದ ವಿವರ), ತಪ್ಪಿದ್ರೆ ದಂಡ 25,000 ಡಾಲರ್, ಅಣ್ಣ ತಮ್ಮ ಇಬ್ಬರೂ ಮೆಂಬರ್ ಆದ್ರೆ ಪಾರ್ಟ್ನರ್‌ಶಿಪ್ ರಿಟರ್ನ್, ಲೆಕ್ಕವೇ ಬೇರೆ. ಇಲ್ಲಿಂದ ಬಂಡವಾಳ ಕಳಿಸಿದ್ರೆ 2022ರ ಓವರ್‌ಸೀಸ್ ಇನ್ವೆಸ್ಟ್‌ಮೆಂಟ್ ರೂಲ್ಸ್ ಬರುತ್ತೆ, ಬ್ಯಾಂಕ್ ಮೂಲಕ ಫಾರ್ಮ್ ಎಫ್‌ಸಿ (ವಿದೇಶಿ ಹೂಡಿಕೆ ತಿಳಿಸೋ ಫಾರ್ಮ್) ಹಾಕ್ದೆ ಒಂದು ಡಾಲರೂ ಕಳಿಸ್ಬೇಡಿ. ನಿಮ್ಮ ಐಟಿ ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿ ವಿವರ) ತುಂಬಿಸ್ಬೇಕು. ಇದೆಲ್ಲ ನೋಡಿದ್ರೆ ನಿಮಗೆ ಈಗಲೇ ಎಲ್‌ಎಲ್‌ಸಿ ಬೇಕಾ ಅಂತ ನನಗೆ ಅನುಮಾನ. ಮಂಡ್ಯದಿಂದಲೇ ಬಿಲ್ ಮಾಡಿ ಎಕ್ಸ್‌ಪೋರ್ಟ್ ಮಾಡಬಹುದಲ್ಲ, ಅಲ್ಲಿ ಇಂಪೋರ್ಟ್ ಮಾಡ್ಕೊಳೋ ಜವಾಬ್ದಾರಿ ಆ ಸ್ಟೋರಿನವರದ್ದೇ ಇರಲಿ.

ಅಚ್ಚುಬೆಲ್ಲ_ಪಾಂಡವಪುರ

ಎಲ್ರಿಗೂ ಶಾನೆ ಥ್ಯಾಂಕ್ಸ್. ಮೇಡಂ ನೀವು ಹೇಳಿದ ಎಫ್‌ಡಿಎ ಏಜೆಂಟ್ ವಿಷ್ಯ ಕನ್ಸಲ್ಟೆಂಟ್‌ಗೆ ಫೋನ್ ಮಾಡಿ ಕೇಳ್ದೆ, ಅದೂ ಇದೂ ಒಂದೇ ಸಾರ್ ಪ್ಯಾಕೇಜಲ್ಲೇ ಬತ್ತದೆ ಅಂದ್ರು, ಅಲ್ಲಿಗೆ ಗೊತ್ತಾಯ್ತು.

ಭಾವಂಗೆ ನಾಗಮಂಗಲದಣ್ಣ ಬರೆದಿದ್ದನ್ನ ಹಂಗೇ ವಾಟ್ಸಾಪ್ ಮಾಡ್ದೆ. ಅವರು ಏನೂ ಅನ್ಲಿಲ್ಲ, ಅಕ್ಕ ಫೋನ್ ಮಾಡಿ 'ಬೆಲ್ಲ ಬೇಕಾದ್ರೆ ಕಳ್ಸು, ಕೋರ್ಟ್ ಕಾಗದ ನಮ್ ಮನೆಗೆ ಬರೋದು ಬೇಡ' ಅಂತು. ಅಣ್ಣಂಗೆ ಮಾತ್ರ ಇನ್ನೂ ಅಮೆರಿಕದ ಕಂಪನಿ ಹುಚ್ಚು ಹೋಗಿಲ್ಲ. ಮೊದ್ಲು ಎರಡು ಲೋಡು ಇಲ್ಲಿಂದ್ಲೇ ಬಿಲ್ ಮಾಡಿ ಕಳ್ಸಣ, ಅವ್ರು ಮತ್ತೆ ಆರ್ಡರ್ ಕೊಟ್ರೆ ನ್ಯೂಜೆರ್ಸಿಲೇ ಎಲ್‌ಎಲ್‌ಸಿ, ದುಡ್ಡು ಕೊಟ್ಟೇ ಏಜೆಂಟು ಅಂತ ಒಪ್ಸಿದೀನಿ.

ವಿಜಯನಗರದ ಸಾರ್, ಒಂದು ಡೌಟು. ಏಜೆಂಟ್ ಅಡ್ರೆಸ್ಸನ್ನೇ ಪ್ಯಾಕೆಟ್ ಮೇಲೆ, ಬ್ಯಾಂಕಿಗೆ ಕೊಡಬಹುದಾ?

ವಿಜಯನಗರ_ಎರಡನೇ_ಹಂತ

ಬೇಡ. ಅದು ಕೋರ್ಟಿನವ್ರಿಗೆ, ಸರ್ಕಾರದವ್ರಿಗೆ ಅಂತ ಇರೋ ಅಡ್ರೆಸ್ಸು. ಡೆಲವೇರ್ ವಿಲ್ಮಿಂಗ್ಟನ್‌ನಲ್ಲಿ 1209 ನಾರ್ತ್ ಆರೆಂಜ್ ಸ್ಟ್ರೀಟ್ ಅಂತ ಒಂದು ಬಿಲ್ಡಿಂಗ್ ಇದೆ, ದೊಡ್ಡ ಏಜೆಂಟ್ ಕಂಪನಿದು, ಅದೊಂದೇ ಅಡ್ರೆಸ್‌ನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಕಂಪನಿಗಳು ಲೆಕ್ಕದಲ್ಲಿದ್ವು. ಬ್ಯಾಂಕಿನವ್ರಿಗೆ ಇಂಥವು ಬಾಯಿಪಾಠ, ವ್ಯಾಪಾರದ ಅಡ್ರೆಸ್ ಅಂತ ಕೊಟ್ರೆ ಬಹಳ ಕಡೆ ಒಪ್ಪಲ್ಲ. ನನ್ನದು ಒಂದ್ಸಲ ವಾಪಸ್ ಬಂದಿದೆ, ಆಮೇಲೆ ಮೈಸೂರಿನ ಅಡ್ರೆಸ್ಸೇ ಕೊಟ್ಟೆ, ಆಯ್ತು. ಮಾಲು ವಾಪಸ್ ಬಂದ್ರೂ ಏಜೆಂಟ್ ತಗೊಳಲ್ಲ, ಅವರಿಗೆ ಬೆಲ್ಲದ ಡಬ್ಬ ಕಳಿಸಿ ನೋಡಿ, ಹಂಗೇ ಹಿಂದಕ್ಕೆ ಬರುತ್ತೆ.

ಸಂಜೆ_ಕಾಫಿ

ಸರಿ ನಾನ್ ಹೇಳಿದ್ದು ತಪ್ಪಾಯ್ತು ಬಿಡಿ. ವಾಪಸ್ ಬಂದಿದ್ದನ್ನ ಈ ಕಡೆ ಕಳ್ಸಿ, ನಾನ್ ತಗೊತೀನಿ.