ಎಎಂಎಚ್ 0.9 ಬಂದಿದೆ, ಆದ್ರೆ ಪೀರಿಯಡ್ಸ್ ಸರಿಯಾಗೇ ಇದೆ... ಏನರ್ಥ?

ತುಂತುರು_ಹನಿ:
ನಂಗೆ 36. ಮಗುಗೆ ಅಂತ ಟ್ರೈ ಮಾಡ್ತಾ ಐದು ತಿಂಗಳಾಯ್ತು. ಸುಮ್ನೆ ಒಂದ್ಸಲ ಚೆಕ್ ಮಾಡಿಸೋಣ ಅಂತ ಹೋದ್ರೆ ಎಎಂಎಚ್ (ಎಷ್ಟು ಎಗ್ಸ್ ಉಳಿದಿದೆ ಅಂತ ಅಂದಾಜು ಕೊಡೋ ರಕ್ತದ ಟೆಸ್ಟ್) 0.9, ಪಕ್ಕದಲ್ಲಿ ದಪ್ಪಕ್ಷರದಲ್ಲಿ "ಲೋ" ಅಂತ ಬೇರೆ, ಅವತ್ತಿಂದ ನಿದ್ದೆ ಇಲ್ಲ. ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗ್ತೀನಿ, ಎಗ್ಸ್ ಖಾಲಿ ಆಗ್ತಿದ್ರೆ ಅದೂ ಏರುಪೇರಾಗ್ಬೇಕಲ್ವಾ? ಹತ್ತು ವರ್ಷ ಗರ್ಭನಿರೋಧಕ ಮಾತ್ರೆ ಬೇರೆ ತಗೊಂಡಿದ್ದೆ, ಅಷ್ಟೂ ವರ್ಷದ ಎಗ್ಸ್ ಉಳ್ಕೊಂಡಿರ್ಬೇಕಲ್ವಾ??

ಲ್ಯಾಬ್‌ಕೋಟು:
ಉಳ್ಯಲ್ಲ. ತಿಂಗಳಿಗೆ ಒಂದೇ ಎಗ್ ಖರ್ಚಾಗುತ್ತೆ ಅಂದ್ಕೊಂಡಿರೋದ್ರಿಂದ ಈ ಲೆಕ್ಕ ತಪ್ಪೋದು. ತಾಯಿ ಹೊಟ್ಟೇಲಿ 20 ವಾರದ ಹೆಣ್ಣು ಭ್ರೂಣದಲ್ಲಿ 60-70 ಲಕ್ಷ ಇರುತ್ತೆ, ಹುಟ್ಟೋವಾಗ 10-20 ಲಕ್ಷ, ಮೈನೆರೆಯೋ ಹೊತ್ತಿಗೆ ಮೂರ್ನಾಲ್ಕು ಲಕ್ಷ. ಜೀವಮಾನದಲ್ಲಿ ಓವ್ಯುಲೇಶನ್ ಆಗೋದು, ಅಂದ್ರೆ ಬಲಿತು ಹೊರಗೆ ಬರೋದು, ಬರೀ 400-500, ಮಿಕ್ಕಿದ್ದೆಲ್ಲಾ ಒಳಗೊಳಗೇ ಕರಗಿಹೋಗುತ್ತೆ, ಮಾತ್ರೆ ತಗೊಂಡ್ರೂ ಬಸುರಿಯಾಗಿದ್ರೂ ಆ ಕರಗೋದು ನಿಲ್ಲಲ್ಲ. ಇನ್ನು ಮುಟ್ಟಿನ ವಿಷಯ, ಅದಕ್ಕೆ ತಿಂಗಳಿಗೆ ಒಂದು ಫಾಲಿಕಲ್ (ಎಗ್ ಇರೋ ಪುಟ್ಟ ಚೀಲ) ಬೆಳೆದ್ರೆ ಸಾಕು, ಹಾಗಾಗಿ ಸ್ಟಾಕ್ ತಳ ಹತ್ತೋವರೆಗೂ ಸೈಕಲ್ ನೆಟ್ಟಗೇ ಇರುತ್ತೆ. ಮೊದಲು 28 ದಿನ ಇದ್ದಿದ್ದು ಈಗ 25-26ಕ್ಕೆ ಬಂದಿದ್ಯಾ ನೋಡ್ಕೊಳ್ಳಿ, ಬದಲಾವಣೆ ಹೆಚ್ಚಾಗಿ ಅಲ್ಲೇ ಮೊದಲು ಕಾಣೋದು.
ಅಂದಹಾಗೆ ಮಾತ್ರೆ ನಿಲ್ಸಿದ್ದು ಯಾವಾಗ? ಅದನ್ನ ತಗೊಳ್ತಿರೋವಾಗ, ಬಿಟ್ಟ ಹೊಸದ್ರಲ್ಲೂ ಎಎಂಎಚ್ ಕಮ್ಮಿ ತೋರಿಸಬಹುದು.

ನಲವತ್ತೊಂದು:
ನಂದು ಉಲ್ಟಾ ಕೇಸು. ಎಎಂಎಚ್ 3ರ ಮೇಲಿತ್ತು, ನಾನೂ ಬೀಗಿದ್ದೆ. ಐವಿಎಫಲ್ಲಿ 11 ಎಗ್ಸ್ ತೆಗೆದ್ರು, ಭ್ರೂಣ ಆಗಿದ್ದು ಐದು, ಟೆಸ್ಟ್ ಮಾಡಿದ್ರೆ ಕ್ರೋಮೋಸೋಮ್ ಸರಿ ಇದ್ದಿದ್ದು ಒಂದೇ ಒಂದು. ಎಎಂಎಚ್ ಹೇಳೋದು ಎಷ್ಟಿದೆ ಅಂತ, ಹೇಗಿದೆ ಅಂತ ಅಲ್ಲ, ಇದನ್ನ ಮೊದಲೇ ಯಾರಾದ್ರೂ ಬಿಡಿಸಿ ಹೇಳಿದ್ರೆ ಅಷ್ಟು ಅಳ್ತಿರ್ಲಿಲ್ಲ ನಾನು.

ಲ್ಯಾಬ್‌ಕೋಟು:
@ನಲವತ್ತೊಂದು ಹೌದು, ವಯಸ್ಸು ಹೊಡೆಯೋದು ಅಲ್ಲೇ. ನಾವು ಹುಟ್ಟೋಕ್ ಮುಂಚೆನೇ ಎಗ್ ವಿಭಜನೆ ಶುರು ಮಾಡಿ ಅರ್ಧಕ್ಕೆ ನಿಂತಿರುತ್ತೆ, ಮುಂದುವರಿಯೋದು ಓವ್ಯುಲೇಶನ್ ಹೊತ್ತಿಗೆ. ಅಲ್ಲೀವರೆಗೂ ಕ್ರೋಮೋಸೋಮ್‌ಗಳನ್ನ ಜೋಡಿಯಾಗಿ ಹಿಡಿದಿಟ್ಟಿರೋದು ಕೊಹೀಸಿನ್ ಅನ್ನೋ ಪ್ರೋಟೀನ್. ಡ್ರಾಯರಲ್ಲಿ ಬಿದ್ದಿರೋ ಹಳೇ ರಬ್ಬರ್ ಬ್ಯಾಂಡ್ ಎಳೆದ್ರೆ ಪಟ್ ಅನ್ನುತ್ತಲ್ಲ, ಸುಮಾರು ಹಾಗೇ, 36 ವರ್ಷ ಹಳೇದಾದ ಹಿಡಿತ ಸಡಿಲ ಆಗಿ ಒಂದು ಕ್ರೋಮೋಸೋಮ್ ತಪ್ಪು ಕಡೆ ಹೋಗುತ್ತೆ. ಗರ್ಭ ನಿಲ್ದೇ ಇರೋದು, ಅಬಾರ್ಷನ್ ಆಗೋದು, ಡೌನ್ ಸಿಂಡ್ರೋಮ್ ಎಲ್ಲಾ ಹೆಚ್ಚಾಗೋದು ಇದ್ರಿಂದ. ಗರ್ಭಕೋಶ ಅಷ್ಟು ಬೇಗ ಮುದಿಯಾಗಲ್ಲ, 45ರವರಿಗೂ 25ರ ಡೋನರ್ ಎಗ್ ಹಾಕಿದ್ರೆ ಚಾನ್ಸ್ ಡೋನರ್ ವಯಸ್ಸಿನ ಲೆಕ್ಕದಲ್ಲೇ ಬರುತ್ತೆ.

ಅಕ್ಕಮ್ಮ_ಆರ್‌ಎನ್:
ಹನಿ, ಹೆದರ್ಬೇಡ ಕಣಮ್ಮ. ಬಂಜೆತನದ ಹಿಸ್ಟರಿ ಇಲ್ದೇ ಇರೋ 30-44 ವಯಸ್ಸಿನವರ ಮೇಲೆ 2017ರಲ್ಲಿ ಅಮೆರಿಕದಲ್ಲಿ ಬಂದ ಸ್ಟಡೀಲಿ, ಎಎಂಎಚ್ ಕಮ್ಮಿ ಇದ್ದೋರೂ ಬೇರೆಯವರಷ್ಟೇ ಸಹಜವಾಗಿ ಬಸುರಿ ಆಗಿದ್ರು. ಆದ್ರೆ ಸುಮ್ನೆ ಕೂರೋಕೂ ಹೋಗ್ಬೇಡ, 35 ದಾಟಿದ್ರೆ ಆರು ತಿಂಗಳು ನೋಡಿ ಡಾಕ್ಟರ್ ಹತ್ರ ಹೋಗು ಅನ್ನೋದು ವಾಡಿಕೆ, ನಿಂಗೆ ಇನ್ನೊಂದೇ ತಿಂಗಳು. ಯಜಮಾನ್ರ ಸೀಮನ್ ಟೆಸ್ಟ್ ಆಯ್ತಾ?

ತುಂತುರು_ಹನಿ:
ಮಾತ್ರೆ ನಿಲ್ಸಿದ್ದು ಆರು ತಿಂಗಳ ಹಿಂದೆ. ಸೈಕಲ್ ಈಗ ಆ್ಯಪ್ ತೆಗೆದು ನೋಡ್ದೆ, 27, 26, 26. ಅವರ ಟೆಸ್ಟಾ... ಅದು ಯಾರ ತಲೆಗೂ ಬಂದಿಲ್ಲ ಅಕ್ಕಾ, ನಂಗೂ ಸೇರಿಸಿ 🙄