ಹಿಂಡಿ ಬದಲು ಅಲಸಂದೆ ಹಾಕುವ ಮುಂಚೆ

ತಮ್ಮಾ, ಗ್ರೂಪಿನಲ್ಲಿ ನಿನ್ನ ಮೆಸೇಜು ಈಗಷ್ಟೇ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದು. ಸೋಯಾ ಹಿಂಡಿ ಸರಿಯಾಗಿ ಸಿಗುತ್ತಿಲ್ಲ, ಅಲಸಂದೆ ಕಾಳು ಮೂಟೆಗಟ್ಟಲೆ ಬಿದ್ದಿದೆ, ಮೂರು ತಿಂಗಳ ಕುರಿಮರಿಗಳಿಗೆ ಅದನ್ನೇ ಹಾಕಬಹುದಾ ಅಂತ ಕೇಳಿದ್ದೀಯ. ಹಾಕಬಹುದು. ಆದರೆ ಎಷ್ಟು ಹಿಂಡಿ ತೆಗೆಯುತ್ತೀಯೋ ಅಷ್ಟೇ ಕಾಳು ಸುರಿದರೆ ಆಗುವುದಿಲ್ಲ. ನಾನು ಎಡವಿದ್ದೇ ಅಲ್ಲಿ.

ಲೆಕ್ಕ ನೋಡು. ಸೋಯಾ ಹಿಂಡಿಯಲ್ಲಿ ಪ್ರೋಟೀನು ಸುಮಾರು 45 ಪರ್ಸೆಂಟ್, ಅಲಸಂದೆಯಲ್ಲಿ ಹತ್ತಿರ ಹತ್ತಿರ 24, ಮೆಕ್ಕೆಜೋಳದಲ್ಲಿ 9. ಬೆಳೆಯುವ ಮರಿಯ ಕೈತಿಂಡಿಯಲ್ಲಿ, ಅಂದರೆ ಮೇವಿನ ಜೊತೆ ಕೊಡುವ ಕಾಳು-ಹಿಂಡಿ ಮಿಶ್ರಣದಲ್ಲಿ, 16 ಆದರೂ ಇರಬೇಕು. ನೀನೀಗ 80 ಕೆಜಿ ಮೆಕ್ಕೆಜೋಳಕ್ಕೆ 20 ಕೆಜಿ ಹಿಂಡಿ ಹಾಕುತ್ತಿದ್ದೀಯಲ್ಲ, ಅದು ಸರಿಯಾಗಿ 16ಕ್ಕೆ ಬರುತ್ತದೆ. ಆ 20 ಕೆಜಿ ಜಾಗಕ್ಕೆ ಅಲಸಂದೆ ಬಂದರೆ 12ಕ್ಕೆ ಇಳಿಯಿತು! ಮರಿಯ ಹೊಟ್ಟೆ ತುಂಬಿರುತ್ತದೆ, ನೋಡಲು ಚೆನ್ನಾಗೇ ಕಾಣುತ್ತದೆ, ತಕ್ಕಡಿಗೆ ಹಾಕಿದರೆ ಮಾತ್ರ ಮುಳ್ಳು ಮೇಲೇಳುವುದಿಲ್ಲ. ಅದಕ್ಕೇ ಜೋಳವನ್ನೂ ಕಡಿಮೆ ಮಾಡಬೇಕು. ಹೇಗೂ ಕಾಳಿನಲ್ಲೇ ಪಿಷ್ಟ ಬೇಕಾದಷ್ಟಿದೆ, ಶಕ್ತಿಗೇನೂ ಕೊರತೆ ಬೀಳುವುದಿಲ್ಲ. ಪೂರ್ತಿ ಅಲಸಂದೆಯಲ್ಲೇ ಮಾಡುವುದಾದರೆ ಜೋಳ 53, ಅಲಸಂದೆ 47. ನನ್ನನ್ನು ಕೇಳಿದರೆ ಹಿಂಡಿ 10 ಉಳಿಸಿಕೋ, ಅಲಸಂದೆ 23, ಜೋಳ 67. ಯಾಕೆಂದರೆ ಕಾಳಿನ ಪ್ರೋಟೀನು ಕುರಿಯ ದೊಡ್ಡ ಹೊಟ್ಟೆಯಲ್ಲಿ (ಮೇವು ಮೊದಲು ಸೇರುವ ಹೊಟ್ಟೆ) ಬೇಗ ಕರಗಿ ಅಮೋನಿಯಾ ಆಗಿಬಿಡುತ್ತದೆ, ಒಂದಷ್ಟು ಮೂತ್ರದಲ್ಲೇ ಹೋಗುತ್ತದೆ. ಉಣ್ಣೆಗೆ ಬೇಕಾದ ಮೆಥಿಯೋನಿನ್ ಅನ್ನುವ ಪ್ರೋಟೀನಿನ ಅಂಶ ಕೂಡ ಬೇಳೆಕಾಳಲ್ಲಿ ಕಡಿಮೆ.

ಹುರಿದು ಹಾಕಿದರೆ ಈ ಕರಗುವುದು ಸ್ವಲ್ಪ ತಗ್ಗುತ್ತದೆ. ಘಮ್ ಅಂತ ವಾಸನೆ ಬಂದು ಸಿಪ್ಪೆಯ ಬಣ್ಣ ತುಸು ತಿರುಗಿದರೆ ಸಾಕು, ಇಳಿಸಿಬಿಡು. ಕಪ್ಪಾಯಿತೋ, ಪ್ರೋಟೀನು ಮರಿಗೆ ದಕ್ಕುವುದಿಲ್ಲ. ಮತ್ತೆ ಹಿಟ್ಟು ಮಾಡಿಸಬೇಡ, ಒಂದು ಕಾಳು ಎರಡೋ ಮೂರೋ ಆದರೆ ಸಾಕು. ಕುರಿ ಚೆನ್ನಾಗಿ ಅಗಿಯುತ್ತದೆ. ಅನುಮಾನ ಇದ್ದರೆ ಹಿಕ್ಕೆ ತೆಗೆದು ಬೆರಳಲ್ಲಿ ಒಡೆದು ನೋಡು, ಕಾಳು ಹಾಗೇ ಬಂದಿದೆಯಾ ಅಂತ. ಹೇಸಿಗೆ ಪಟ್ಟುಕೊಂಡರೆ ಕುರಿ ಸಾಕಿದ ಹಾಗೇ!

ಅಣ್ಣ ಮೇಲೆ ಇದೇ ಗ್ರೂಪಿನಲ್ಲಿ ಬರೆದಿದ್ದಾನಲ್ಲ, ಸೋಯಾ ಕಾಳನ್ನೇ ಹಸಿಯಾಗಿ ಹಾಕಿ ಚೂರು ಯೂರಿಯಾ ಬೆರೆಸು ಅಂತ. ಅಣ್ಣ, ಕೋಪ ಮಾಡಿಕೊಳ್ಳಬೇಡ, ಅದು ಬೇಡವೇ ಬೇಡ. ಹಸಿ ಸೋಯಾದಲ್ಲಿ ಯೂರಿಯಾವನ್ನು ಒಡೆಯುವ ಕಿಣ್ವ ಇದೆ, ಅಮೋನಿಯಾ ಒಂದೇ ಸಲ ಏರಿ ಮರಿಗಳು ಸತ್ತೇ ಹೋಗಬಹುದು.

ಇನ್ನು ನನ್ನ ಕತೆ. ಹಿಂಡಿ ತೆಗೆದು ಅಷ್ಟೇ ಕಾಳು ಹಾಕಿದ ವರ್ಷ ಮರಿಗಳಿಗೆ ತೂಕ ಬರಲಿಲ್ಲ ಅಂತ ಗೊತ್ತಾದಾಗ ಹೊಟ್ಟೆ ಉರಿದು ಒಂದೇ ದಿನ ಕಾಳು ಡಬಲ್ ಮಾಡಿದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಮೂರು ಮರಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿವೆ, ಮೆಲುಕಿಲ್ಲ, ಹಿಕ್ಕೆ ಹೋಗಿ ಹುಳಿ ವಾಸನೆಯ ಗಂಜಿ ಆಗಿದೆ. ಅದರಲ್ಲಿ ಒಂದು ಸತ್ತೇ ಹೋಯಿತು. ಅದಕ್ಕೇ ಹೇಳುವುದು, ಮರಿಗೆ ದಿನಕ್ಕೆ 50 ಗ್ರಾಮಿನಿಂದ ಶುರು ಮಾಡು, ಎರಡು ವಾರ ತೆಗೆದುಕೊಂಡು ಏರಿಸು, ಮೊದಲು ಒಣಮೇವು ಹಾಕಿ ಆಮೇಲೆ ಕಾಳು. ಕಾಳು ಜಾಸ್ತಿಯಾದಾಗ ಬರುವ ಕರುಳು ಬೇನೆಯ ಲಸಿಕೆ ಆಗಿಲ್ಲದಿದ್ದರೆ ಅದನ್ನು ಮುಂಚೆ ಹಾಕಿಸು. ಬೂಷ್ಟು ಹಿಡಿದದ್ದು, ಬಿತ್ತನೆಗೆ ಅಂತ ಔಷಧಿ ಸವರಿದ್ದು ಇದ್ದರೆ ಆ ಮೂಟೆ ಮುಟ್ಟಲೇಬೇಡ.

ಟಗರು ಮರಿಗಳ ಮೇಲೆ ಒಂದು ಕಣ್ಣಿರಲಿ. ಕಾಳು, ಜೋಳ ಎರಡರಲ್ಲೂ ರಂಜಕ ಜಾಸ್ತಿ, ಸುಣ್ಣದಂಶ ಕಡಿಮೆ, ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. 100 ಕೆಜಿ ಕೈತಿಂಡಿಗೆ ಒಂದೂವರೆ ಕೆಜಿ ಸುಣ್ಣಕಲ್ಲಿನ ಪುಡಿ, ಒಂದು ಕೆಜಿ ಉಪ್ಪು ಬೆರೆಸು, ನೀರು ಸದಾ ಇರಲಿ. ಯಾವುದಾದರೂ ಮರಿ ಹಿಂಗಾಲು ಚಾಚಿ ತಿಣುಕುತ್ತಾ ನಿಂತಿದ್ದರೆ ಇಲ್ಲಿ ಗ್ರೂಪಿನಲ್ಲಿ ಫೋಟೋ ಹಾಕುತ್ತಾ ಕೂರಬೇಡ, ಮೊದಲು ಡಾಕ್ಟರಿಗೆ ಫೋನ್ ಮಾಡು.